ಹನ್ನೆರಡು ಮಂದಿ ಮನೆಗೆ ಹೋದ ಮೇಲೆ



ಅಮೆರಿಕದಲ್ಲಿ ನೀವು ಯಾರಿಗೆ ಓಟು ಹಾಕಿದಿರಿ ಎಂಬುದು ಗುಟ್ಟು. ಆದರೆ ಓಟು ಹಾಕಿದಿರೋ ಇಲ್ಲವೋ ಎಂಬುದು ಗುಟ್ಟಲ್ಲ. ಯಾವ ಚುನಾವಣೆಗೆ ಬಂದಿರಿ, ಯಾವುದಕ್ಕೆ ಮನೆಯಲ್ಲೇ ಕೂತಿರಿ ಎಂಬ ಹಾಜರಿ ಪಟ್ಟಿ ಹೆಸರು ಸಮೇತ ಚುನಾವಣಾ ಕಚೇರಿಯಲ್ಲಿರುತ್ತದೆ. ಪಕ್ಷಗಳು ಅದನ್ನು ತರಿಸಿಕೊಂಡು ಯಾರ ಮನೆಯ ಕದ ತಟ್ಟಬೇಕು ಎಂದು ಲೆಕ್ಕ ಹಾಕುತ್ತವೆ. ಜಾನ್ ಗ್ಯಾಸ್ಟಿಲ್ ಎಂಬ ಸಂವಹನ ಶಾಸ್ತ್ರದ ಅಧ್ಯಾಪಕರು ಮತ್ತು ಅವರ ಇಬ್ಬರು ಸಂಗಡಿಗರು ಇದೇ ಪಟ್ಟಿಯನ್ನು ಬೇರೊಂದು ಕೆಲಸಕ್ಕೆ ಬಳಸಿಕೊಂಡರು. ವಾಷಿಂಗ್ಟನ್ ರಾಜ್ಯದ ಥರ್ಸ್ಟನ್ ಕೌಂಟಿಯಲ್ಲಿ, ಅಂದರೆ ಆ ರಾಜ್ಯದ ರಾಜಧಾನಿ ಒಲಿಂಪಿಯಾ ಇರುವ ಜಿಲ್ಲೆಯಲ್ಲಿ, ಕೋರ್ಟಿನಿಂದ ಜ್ಯೂರಿ ಸದಸ್ಯರ ಕಡತ ತೆಗೆಸಿದರು. ಚುನಾವಣಾ ಕಚೇರಿಯಿಂದ ಓಟಿನ ಹಾಜರಿ ಪಟ್ಟಿ ತಂದರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡುತ್ತ ಹೋದರು.

ಅವರು ಹುಡುಕುತ್ತಿದ್ದದ್ದು ಇಷ್ಟೆ. ಯಾರದೋ ಕಳ್ಳತನದ ಖಟ್ಲೆಯಲ್ಲೋ ಹೊಡೆದಾಟದ ಖಟ್ಲೆಯಲ್ಲೋ ಜ್ಯೂರಿಯಾಗಿ ಎರಡು ಮೂರು ದಿನ ಕೂತು, ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳಿ ಮನೆಗೆ ಹೋದ ಸಾಮಾನ್ಯ ಮನುಷ್ಯ, ಆಮೇಲೆ ಓಟು ಹಾಕುವುದಕ್ಕೆ ಮೊದಲಿಗಿಂತ ಹೆಚ್ಚು ಹೋಗುತ್ತಾನೆಯೆ?

ಹೋಗುತ್ತಾನೆ ಎಂದು 2002ರಲ್ಲಿ ಪ್ರಕಟವಾದ ಅವರ ಲೇಖನ ಹೇಳಿತು. ಇಲ್ಲಿ ಹೋಲಿಕೆಗೆ ಅವರು ಯಾರನ್ನು ತೆಗೆದುಕೊಂಡರು ಎಂಬುದನ್ನು ನೋಡಬೇಕು. ಜ್ಯೂರಿಗೆ ಹೋದವರನ್ನು ಹೋಗದವರ ಜೊತೆ ತೂಗಿದ್ದರೆ, ಕರೆದ ಕೂಡಲೇ ಕೋರ್ಟಿಗೆ ಹೋಗುವವನು ಓಟಿಗೂ ಹೋಗುತ್ತಾನೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳುತ್ತಿದ್ದರು. ಅವರು ಹೋಲಿಸಿದ್ದು ಜ್ಯೂರಿಗೆಂದು ಬಂದವರನ್ನೇ, ಅವರವರೊಳಗೆ. ಕೆಲವು ಖಟ್ಲೆಗಳು ತೀರ್ಪಿನವರೆಗೆ ಹೋಗುತ್ತವೆ. ಕೆಲವು ನಡುವೆಯೇ ನಿಲ್ಲುತ್ತವೆ, ಆರೋಪಿ ತಪ್ಪೊಪ್ಪಿಕೊಂಡುಬಿಡುತ್ತಾನೆ. ಇನ್ನು ಕೆಲವರದು ಬದಲಿ ಸದಸ್ಯರ ಪಾಡು. ಹನ್ನೆರಡು ಜನರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೇಕಾದೀತು ಎಂದು ಒಬ್ಬಿಬ್ಬರನ್ನು ಹೆಚ್ಚಿಗೆ ಕೂರಿಸಿಕೊಂಡಿರುತ್ತಾರೆ. ಅವರು ಎಲ್ಲ ಸಾಕ್ಷಿ ಕೇಳುತ್ತಾರೆ, ಪಾಟೀಸವಾಲು ಕೇಳುತ್ತಾರೆ, ಇನ್ನೇನು ಒಳಗೆ ಹೋಗಿ ಮಾತಾಡಬೇಕು ಎನ್ನುವಾಗ ನ್ಯಾಯಾಧೀಶರು ವಂದನೆ ಹೇಳಿ ಮನೆಗೆ ಕಳಿಸುತ್ತಾರೆ. ಯಾರ ಪಾಲಿಗೆ ಯಾವುದು ಬರುತ್ತದೆ ಎಂಬುದು ಅದೃಷ್ಟದ ಮಾತು. ಕೂತು ಚರ್ಚಿಸಿ ತೀರ್ಪು ಕೊಟ್ಟು ಹೋದವರು ಮುಂದಿನ ಚುನಾವಣೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡರು. ಕೋರ್ಟಿನಲ್ಲಿ ಬರೀ ಕೂತು ನೋಡಿ ಬಂದವರಲ್ಲಿ ಆ ಬದಲಾವಣೆ ಕಾಣಲಿಲ್ಲ.

ಆಮೇಲೆ ಅದೇ ಕೆಲಸವನ್ನು ಕೊಲರಾಡೊ, ಲೂಸಿಯಾನಾ, ನೆಬ್ರಾಸ್ಕಾ, ಒಹಾಯೊ, ಉತ್ತರ ಕೆರೊಲಿನಾಗಳಲ್ಲೂ ಮಾಡಿ, 13 ಸಾವಿರಕ್ಕೂ ಮಿಕ್ಕಿದ ಜ್ಯೂರಿ ಸದಸ್ಯರ ದಾಖಲೆ ನೋಡಿದರು. 2010ರಲ್ಲಿ ಪುಸ್ತಕವಾಗಿ ಬಂತು. ಆಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಯಾವಾಗಲೂ ತಪ್ಪದೆ ಓಟು ಹಾಕುವವರ ಮೇಲೆ ಜ್ಯೂರಿಯ ಪ್ರಭಾವ ಹೇಳಿಕೊಳ್ಳುವಂಥದ್ದೇನಲ್ಲ. ಅವರು ಹೇಗೂ ಹೋಗುವವರೇ. ಬದಲಾದವರು ಅಪರೂಪಕ್ಕೆ ಓಟು ಹಾಕುತ್ತಿದ್ದವರು, ನಮಗ್ಯಾಕೆ ಬಿಡಿ ಎನ್ನುತ್ತಿದ್ದವರು. ಕ್ರಿಮಿನಲ್ ಖಟ್ಲೆಯಲ್ಲಿ ಕೂತು ಚರ್ಚೆ ಮಾಡಿದ ಇಂಥವರ ಹಾಜರಿ ಶೇಕಡಾ ನಾಲ್ಕಾರು ಅಂಶಗಳಷ್ಟು ಏರಿತು. ಒಮ್ಮತಕ್ಕೆ ಬರಲಾಗದೆ ಕೈಚೆಲ್ಲಿದ ಜ್ಯೂರಿಗಳಲ್ಲಿ ಇದ್ದವರಲ್ಲೂ ಇದು ಕಂಡಿತು. ಅಂದರೆ ತೀರ್ಪು ಹೊರಬಿದ್ದೇ ತೀರಬೇಕೆಂದಿಲ್ಲ, ಪ್ರಾಮಾಣಿಕವಾಗಿ ಗುದ್ದಾಡಿದ್ದರೆ ಸಾಕು.

ನಾಲ್ಕಾರು ಅಂಶ ಎಂದರೆ ಏನು ಮಹಾ ಎನ್ನಬಹುದು. ಚುನಾವಣೆಯ ಜಾಥಾ, ಭಿತ್ತಿಪತ್ರ, ತಾರೆಯರ ಮನವಿ ಇವೆಲ್ಲ ಸೇರಿ ಎಷ್ಟು ಅಂಶ ಏರಿಸುತ್ತವೆ ಎಂದು ಬೆಂಗಳೂರಿನ ಮತದಾನದ ಲೆಕ್ಕ ನೋಡಿದವರನ್ನು ಕೇಳಿ, ಗೊತ್ತಾಗುತ್ತದೆ. ಜ್ಯೂರಿಯಲ್ಲಿ ಯಾರೂ ಓಟು ಹಾಕಿ ಎಂದು ಹೇಳಲೇ ಇಲ್ಲ. ಓಟಿಗೂ ಆ ಖಟ್ಲೆಗೂ ಏನೇನೂ ಸಂಬಂಧವಿರಲಿಲ್ಲ.

ಜ್ಯೂರಿಯ ಈ ಗುಣವನ್ನು ಬಹಳ ಹಿಂದೆಯೇ ಊಹಿಸಿದವನು ಫ್ರಾನ್ಸಿನ ಅಲೆಕ್ಸಿ ದ ತೊಕ್ವಿಲ್. 1831ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಜೈಲುಗಳನ್ನು ನೋಡಿ ವರದಿ ಕೊಡುತ್ತೇನೆಂದು ಅಮೆರಿಕಕ್ಕೆ ಬಂದ. ಜೈಲಿಗಿಂತ ಹೆಚ್ಚಾಗಿ ಜನರನ್ನೇ ನೋಡಿದ. ಜ್ಯೂರಿ ಕಕ್ಷಿದಾರರಿಗೆ ಉಪಕಾರವೋ ಇಲ್ಲವೋ ನನಗೆ ಖಾತ್ರಿಯಿಲ್ಲ, ಆದರೆ ಜ್ಯೂರಿಯಲ್ಲಿ ಕೂರುವವರಿಗೆ ಮಾತ್ರ ಬಹಳ ಉಪಕಾರ ಎಂಬರ್ಥದ ಮಾತು ಬರೆದ. ಅದು ಶುಲ್ಕವಿಲ್ಲದ, ಸದಾ ತೆರೆದಿರುವ ಶಾಲೆ ಎಂದ. ಆದರೆ ಒಂದು ವಿಷಯದಲ್ಲಿ ಅವನ ಊಹೆಗೂ ಈಗಿನ ದಾಖಲೆಗೂ ಹೊಂದಿಕೆಯಿಲ್ಲ. ಸಿವಿಲ್ ದಾವೆಗಳ ಜ್ಯೂರಿಯೇ ಹೆಚ್ಚು ಕಲಿಸುತ್ತದೆ, ಯಾಕೆಂದರೆ ಜಮೀನು, ಸಾಲ, ಕರಾರು ಎಲ್ಲರ ಬದುಕಿನಲ್ಲೂ ಇರುವಂಥವು ಎಂದು ಅವನ ವಾದ. ಗ್ಯಾಸ್ಟಿಲ್ ಬಳಗಕ್ಕೆ ಸಿಕ್ಕಿದ್ದು ಇದಕ್ಕೆ ಉಲ್ಟಾ: ಕ್ರಿಮಿನಲ್ ಜ್ಯೂರಿಯಲ್ಲಿ ಪರಿಣಾಮ ಇದೆ, ಸಿವಿಲ್ ಜ್ಯೂರಿಯಲ್ಲಿ ಒಟ್ಟಾರೆಯಾಗಿ ಕಾಣದು. ಮುಂದೆ ವ್ಯಾಲರಿ ಹ್ಯಾನ್ಸ್ ಎಂಬ ಕಾನೂನು ವಿದ್ವಾಂಸೆಯೂ ಸೇರಿ ಮಾಡಿದ ಅಧ್ಯಯನ ಇದಕ್ಕೊಂದು ತಿದ್ದುಪಡಿ ಕೊಟ್ಟಿತು. ಸಿವಿಲ್ ಜ್ಯೂರಿಯಲ್ಲೂ ಹನ್ನೆರಡು ಜನರಿದ್ದರೆ, ಇಲ್ಲವೇ ಎಲ್ಲರೂ ಒಪ್ಪಲೇಬೇಕು ಎಂಬ ನಿಯಮವಿದ್ದರೆ ಓಟಿನ ಹಾಜರಿ ಏರುತ್ತದೆ. ಅಮೆರಿಕದ ಅನೇಕ ಕಡೆ ಸಿವಿಲ್ ಜ್ಯೂರಿಗೆ ಆರು ಜನ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡರಲ್ಲಿ ಒಂಬತ್ತು ಜನ ಒಪ್ಪಿದರೆ ಮುಗಿಯಿತು. ಒಂಬತ್ತು ಸಾಕು ಎಂದಾಗ ಉಳಿದ ಮೂವರನ್ನು ಮಾತಾಡಿಸುವ ದರ್ದು ಯಾರಿಗೂ ಇರುವುದಿಲ್ಲ. ಹನ್ನೆರಡೂ ಬೇಕು ಎಂದಾಗ ಮೂಲೆಯಲ್ಲಿ ಸುಮ್ಮನೆ ಕೂತ ಹೆಂಗಸನ್ನೂ, ನೀವೇನು ಹೇಳುತ್ತೀರಿ ತಾಯಿ ಎಂದು ಕೇಳಲೇಬೇಕಾಗುತ್ತದೆ. ನನ್ನ ಮಟ್ಟಿಗೆ ಇಡೀ ಸಂಗತಿಯ ಕೀಲು ಇಲ್ಲಿದೆ.

ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರಲ್ಲ, ಅವರಲ್ಲೊಬ್ಬರು ಎಂದುಕೊಳ್ಳಿ. ಗ್ರೀನ್ ಕಾರ್ಡ್ ಇರುವಷ್ಟು ಕಾಲ ಈ ಗೊಡವೆಯಿಲ್ಲ, ಜ್ಯೂರಿಗೆ ಪ್ರಜೆಗಳೇ ಆಗಬೇಕು. ಪೌರತ್ವದ ಪ್ರಮಾಣವಚನ ಮುಗಿದು, ಪುಟ್ಟ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡು, ಎಲ್ಲ ಮರೆತ ಮೇಲೆ ಒಂದು ದಿನ ಅಂಚೆಯಲ್ಲಿ ಸಮನ್ಸ್ ಬರುತ್ತದೆ. ಮತದಾರರ ಪಟ್ಟಿಯಿಂದಲೋ ಡ್ರೈವಿಂಗ್ ಲೈಸೆನ್ಸಿನ ಪಟ್ಟಿಯಿಂದಲೋ ಕಂಪ್ಯೂಟರು ಹೆಕ್ಕಿದ ಹೆಸರು. ಸಮನ್ಸ್ ಎಂದ ಕೂಡಲೇ ನಮ್ಮವರಿಗೆ ಎದೆ ಧಸಕ್ಕೆನ್ನುತ್ತದೆ, ಕೋರ್ಟು ಕಚೇರಿ ಬೇಡಪ್ಪ ಎಂಬುದು ರಕ್ತದಲ್ಲೇ ಇದೆ. ಹೇಗೆ ತಪ್ಪಿಸಿಕೊಳ್ಳುವುದು ಎಂದು ಗೆಳೆಯರನ್ನು ಕೇಳುತ್ತಾರೆ. ಆಫೀಸಿನಲ್ಲಿ ರಿಲೀಸ್ ಇದೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಕಾರಣಕ್ಕೇನು ಬರವಿಲ್ಲ. ಒಂದು ಸಲ ಮುಂದೂಡಬಹುದು. ಕೊನೆಗೆ ಹೋಗಲೇಬೇಕು.

ಹೋದರೆ ಅಲ್ಲಿ ಜ್ಯೂರಿ ಅಸೆಂಬ್ಲಿ ರೂಮು, ದೊಡ್ಡ ಬಸ್ ನಿಲ್ದಾಣದ ವೇಟಿಂಗ್ ರೂಮಿನ ಹಾಗೆ. ಟ್ರಕ್ ಓಡಿಸುವವನು, ಹೈಸ್ಕೂಲ್ ಮೇಷ್ಟರು, ನರ್ಸು, ನಿವೃತ್ತ ಸೈನಿಕ, ಈಗಷ್ಟೇ ಹದಿನೆಂಟು ತುಂಬಿದ ಹುಡುಗಿ. ಅಮೆರಿಕದಲ್ಲಿ ಇಷ್ಟು ವರ್ಷ ಇದ್ದರೂ ಈ ಪೈಕಿ ಯಾರ ಜೊತೆಗೂ ಅರ್ಧ ಗಂಟೆ ಕೂತು ಮಾತಾಡುವ ಪ್ರಸಂಗ ನಮ್ಮ ಎಂಜಿನಿಯರಿಗೆ ಬಂದಿರುವುದಿಲ್ಲ. ಗುಮಾಸ್ತೆ ಹೆಸರು ಕೂಗುತ್ತಾಳೆ. ನಮ್ಮ ಹೆಸರಿನ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಾಳೆ, ಅದರಿಂದಲೇ ಇದು ತನ್ನದು ಎಂದು ಇವರಿಗೆ ಗೊತ್ತಾಗುತ್ತದೆ. ಆಮೇಲೆ ಕೋರ್ಟಿನ ಹಾಲು. ನ್ಯಾಯಾಧೀಶರು ಮತ್ತು ವಕೀಲರು ಸರದಿಯಂತೆ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಪೊಲೀಸ್ ಕೆಲಸದವರು ಇದ್ದಾರೆಯೆ? ಪೊಲೀಸ್ ಹೇಳಿದ್ದು ಎಂದ ಮಾತ್ರಕ್ಕೆ ನಂಬುತ್ತೀರಾ? ಆರೋಪಿ ಬಾಯಿ ಬಿಡದೆ ಸುಮ್ಮನೆ ಕೂತರೆ ಅವನೇ ಕಳ್ಳ ಎಂದುಕೊಳ್ಳುತ್ತೀರಾ? ತುಂಬಿದ ಸಭೆಯಲ್ಲಿ ಉತ್ತರ ಹೇಳಬೇಕು. ಇಂಥ ಪ್ರಶ್ನೆಯನ್ನು ಇವರು ತಮಗೆ ತಾವೇ ಎಂದೂ ಕೇಳಿಕೊಂಡಿರುವುದಿಲ್ಲ. ಎಷ್ಟೋ ಜನ ಇಷ್ಟಕ್ಕೇ ಮುಗಿಸಿ ವಾಪಸಾಗುತ್ತಾರೆ. ಆಯ್ಕೆಯಾದವರಿಗೆ ಪ್ರಮಾಣ ಬೋಧಿಸಿ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ.

ಅಲ್ಲಿಂದ ಮುಂದೆ ಗಮನಿಸಬೇಕಾದದ್ದು ಇನ್ನೊಂದು. ಜ್ಯೂರಿ ಸದಸ್ಯರು ಒಳಗೆ ಬರುವಾಗ ಇಡೀ ಕೋರ್ಟು ಎದ್ದು ನಿಲ್ಲುವ ಪದ್ಧತಿ ಅನೇಕ ಕಡೆ ಇದೆ. ವಕೀಲರು, ಆರೋಪಿ, ಅವನ ಮನೆಯವರು, ಪೊಲೀಸರು. ಬದುಕಿನಲ್ಲಿ ತನಗೆ ಸರಕಾರ ಎದ್ದು ನಿಂತದ್ದನ್ನು ಟ್ರಕ್ ಚಾಲಕ ಮೊದಲ ಬಾರಿಗೆ ನೋಡುತ್ತಾನೆ. ಸಾಕ್ಷಿ ಮುಗಿದು ಬಾಗಿಲು ಹಾಕಿಕೊಂಡ ಮೇಲೆ ಹನ್ನೆರಡೇ ಜನ. ನ್ಯಾಯಾಧೀಶರೂ ಒಳಗೆ ಬರುವಂತಿಲ್ಲ. ಮೊದಲು ಮುಖ್ಯಸ್ಥರೊಬ್ಬರನ್ನು ಆರಿಸಿಕೊಳ್ಳಬೇಕು. ಆಮೇಲೆ ತಾಸುಗಟ್ಟಲೆ ಮಾತು. ಅವನು ಸುಳ್ಳು ಹೇಳುತ್ತಿದ್ದ ಎಂದು ನಿಮಗೆ ಯಾಕೆ ಅನ್ನಿಸಿತು ಎಂದು ಪಕ್ಕದವಳು ಕೇಳಿದರೆ, ಅನ್ನಿಸಿತು ಅಷ್ಟೆ ಎಂದರೆ ನಡೆಯುವುದಿಲ್ಲ. ಟಿವಿ ಚರ್ಚೆಯಲ್ಲಿ ಹಾಗಂದು ಗೆದ್ದು ಬರಬಹುದು. ಇಲ್ಲಿ ಕಾರಣ ಕೊಡಬೇಕು, ಅದು ಅವಳಿಗೆ ಒಪ್ಪಿಗೆಯಾಗಬೇಕು. ಯಾಕೆಂದರೆ ಕ್ರಿಮಿನಲ್ ಖಟ್ಲೆಯಲ್ಲಿ ಅವಳು ಒಪ್ಪದೆ ಇವರು ತೀರ್ಪು ಕೊಡುವ ಹಾಗಿಲ್ಲ. ಲೂಸಿಯಾನಾ ಮತ್ತು ಆರೆಗಾನ್ ರಾಜ್ಯಗಳು ಮಾತ್ರ ಬಹಳ ಕಾಲ ಹತ್ತು ಜನ ಒಪ್ಪಿದರೆ ಸಾಕು ಎಂದುಕೊಂಡು ನಡೆಸಿದ್ದವು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗಂಭೀರ ಅಪರಾಧಗಳಲ್ಲಿ ಜ್ಯೂರಿಯ ಎಲ್ಲರೂ ಒಪ್ಪಲೇಬೇಕು ಎಂದು ಅದನ್ನೂ ನಿಲ್ಲಿಸಿತು.

ಇನ್ನು ಲಂಡನ್ನಿನಲ್ಲಿರುವ ನಮ್ಮವರ ಕಥೆ ಬೇರೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಓಟಿನ ಹಕ್ಕಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಐದು ವರ್ಷ ಅಲ್ಲಿ ವಾಸವಾಗಿದ್ದರೆ ಜ್ಯೂರಿಗೂ ಕರೆ ಬರಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಮೈಸೂರಿನವರೊಬ್ಬರು ಇಂಗ್ಲೆಂಡಿನ ಕ್ರೌನ್ ಕೋರ್ಟಿನಲ್ಲಿ ಕೂತು ಇಂಗ್ಲಿಷರವನೊಬ್ಬ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವುದು ಕಾನೂನಿನ ಪ್ರಕಾರ ಸಾಧ್ಯ. ತಮ್ಮ ದೇಶದಲ್ಲಿ ಅದೇ ಕೆಲಸ ಅವರಿಗೆ ಸಾಧ್ಯವಿಲ್ಲ.

ಆ ವಿಷಯಕ್ಕೆ ಬರುವ ಮೊದಲು ಅಮೆರಿಕದ ಒಂದು ಮೊಕದ್ದಮೆ ಹೇಳಿಬಿಡುತ್ತೇನೆ. ಜ್ಯೂರಿಯ ಈ ಶಾಲೆಗೆ ಎಲ್ಲರಿಗೂ ಪ್ರವೇಶ ಇರಲಿಲ್ಲ. ಲೂಸಿಯಾನಾದಲ್ಲಿ 1975ರವರೆಗೆ ಹೆಂಗಸರು ತಾವಾಗಿ ಬರೆದುಕೊಟ್ಟರೆ ಮಾತ್ರ ಜ್ಯೂರಿ ಪಟ್ಟಿಗೆ. ಕರಿಯರ ಹೆಸರು ಪಟ್ಟಿಗೆ ಬಂದರೂ ಕಾರಣ ಹೇಳದೆ ಕೈಬಿಡುವ ಅಧಿಕಾರ ವಕೀಲರಿಗಿತ್ತು. 1986ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ಆದರೆ 1991ರಲ್ಲಿ ಒಹಾಯೊ ರಾಜ್ಯದಿಂದ ಬಂದ ಪವರ್ಸ್ ಎಂಬವನ ಮೊಕದ್ದಮೆ ವಿಚಿತ್ರವಾಗಿತ್ತು. ಅವನು ಬಿಳಿಯ. ಸರಕಾರಿ ವಕೀಲರು ಜ್ಯೂರಿಯಿಂದ ಕರಿಯರನ್ನು ತೆಗೆದುಹಾಕಿದ್ದು ತಪ್ಪು ಎಂದು ಅವನ ತಕರಾರು. ಅದರಿಂದ ನಿನಗೇನಯ್ಯಾ ನಷ್ಟ ಎಂದು ಸರಕಾರ ಕೇಳಿತು. ನ್ಯಾಯಮೂರ್ತಿ ಆಂತೊನಿ ಕೆನಡಿ ಬರೆದ ತೀರ್ಪು ಬೇರೆ ದಾರಿ ಹಿಡಿಯಿತು. ಓಟನ್ನು ಬಿಟ್ಟರೆ ಬಹುಪಾಲು ಪ್ರಜೆಗಳಿಗೆ ಆಡಳಿತದಲ್ಲಿ ಭಾಗಿಯಾಗುವ ದೊಡ್ಡ ಅವಕಾಶ ಜ್ಯೂರಿಯೇ, ಬಣ್ಣ ನೋಡಿ ಹೊರಗಟ್ಟಿದರೆ ಹಾಗೆ ಹೊರಹೋದ ಪ್ರಜೆಯ ಹಕ್ಕಿಗೇ ಧಕ್ಕೆ ಎಂದಿತು. ಜ್ಯೂರಿ ಇರುವುದು ಆರೋಪಿಗಾಗಿ ಮಾತ್ರವಲ್ಲ, ಅದರಲ್ಲಿ ಕೂರುವವರಿಗಾಗಿಯೂ ಎಂದು ಒಂದು ಕೋರ್ಟು ಇಷ್ಟು ಬಿಚ್ಚಿ ಹೇಳಿದ್ದು ಕಡಿಮೆ.

ನಮ್ಮಲ್ಲಿ ಜ್ಯೂರಿಯಲ್ಲಿ ಕೂರುವವರಿಗೆ ಏನು ಲಾಭ ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಭಾರತದಲ್ಲಿ ಜ್ಯೂರಿ ಎಂದರೆ ನೆನಪಾಗುವುದು ನಾನಾವತಿ. ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿ 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ತನ್ನ ಹೆಂಡತಿಯ ಗೆಳೆಯ ಪ್ರೇಮ್ ಆಹೂಜನನ್ನು ಗುಂಡಿಟ್ಟು ಕೊಂದ. ಕರಂಜಿಯಾ ನಡೆಸುತ್ತಿದ್ದ ಬ್ಲಿಟ್ಜ್ ಪತ್ರಿಕೆ ಅವನ ಪರ ಕಹಳೆ ಊದಿತು. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ನಿರ್ದೋಷಿ ಎಂದರು, ಒಬ್ಬರು ಅಲ್ಲ ಎಂದರು. ಸೆಷನ್ಸ್ ನ್ಯಾಯಾಧೀಶರು ಈ ತೀರ್ಪನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಆಮೇಲೆ ರಾಜ್ಯಪಾಲರಿಂದ ಕ್ಷಮಾದಾನ. ಈ ಖಟ್ಲೆಯಿಂದಲೇ ಜ್ಯೂರಿ ರದ್ದಾಯಿತು ಎಂಬುದು ಬಾಯಿಂದ ಬಾಯಿಗೆ ಬಂದ ಮಾತು. ಸಿನಿಮಾಗಳೂ ಅದನ್ನೇ ಹೇಳಿವೆ. ನಿಜವೇನೆಂದರೆ ಅದರ ಹಿಂದಿನ ವರ್ಷವೇ, 1958ರಲ್ಲಿ, ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡ ಎಂದಾಗಿತ್ತು. ನಾನಾವತಿಯ ನಂತರವೂ ಅದು ಕೆಲವು ಕಡೆ ಕುಂಟುತ್ತ ನಡೆದು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗ ಸಿಗದೆ ಮರೆಯಾಯಿತು. ಅದಕ್ಕೂ ಮೊದಲು ಜಿಲ್ಲೆಗಳಲ್ಲಿ ಅಸೆಸರ್ ಎಂಬುವರಿದ್ದರು. ಅವರ ಅಭಿಪ್ರಾಯ ಕೇಳುತ್ತಿದ್ದರು, ಪಾಲಿಸಲೇಬೇಕೆಂಬ ಕಟ್ಟುಪಾಡು ನ್ಯಾಯಾಧೀಶರಿಗೆ ಇರಲಿಲ್ಲ. 1955ರಲ್ಲೇ ಅದೂ ಹೋಯಿತು.

ಆಯೋಗದ ದೂರುಗಳು ಸುಳ್ಳಲ್ಲ. ಲಂಚ, ಜಾತಿ, ಪತ್ರಿಕೆಗಳ ಒತ್ತಡ, ತಿಳಿವಳಿಕೆಯ ಕೊರತೆ ಎಲ್ಲ ಇತ್ತು. 1665ರಲ್ಲಿ ಮದರಾಸಿನ ಕೋಟೆಯಲ್ಲಿ ತನ್ನ ಆಳು ಹುಡುಗಿಯನ್ನು ಕೊಂದ ಆಪಾದನೆ ಹೊತ್ತ ಇಂಗ್ಲಿಷ್ ಹೆಂಗಸನ್ನು ಜ್ಯೂರಿ ಮುಂದೆ ನಿಲ್ಲಿಸಿದಾಗಿನಿಂದಲೇ, ಅವಳು ಬಿಡುಗಡೆಯಾಗಿ ಹೋದಾಗಿನಿಂದಲೇ, ಈ ದೇಶದಲ್ಲಿ ಜ್ಯೂರಿಗೆ ಒಳ್ಳೆಯ ಹೆಸರು ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ಪಟ್ಟಿಯಲ್ಲಿ ಇರುತ್ತಿದ್ದವರು ಹೆಚ್ಚಾಗಿ ಆಸ್ತಿವಂತರು, ಇಂಗ್ಲಿಷ್ ಬಲ್ಲವರು, ಬಿಳಿಯ ಆರೋಪಿಗಳಿಗೆ ಬಿಳಿಯರು. ಹೊಲದಲ್ಲಿ ದುಡಿಯುವವನ ಹೆಸರು ಚೀಟಿಯಲ್ಲಿ ಬಂದದ್ದೇ ಇಲ್ಲ. ಹಾಗಾಗಿ ಈ ಶಾಲೆ ನಮ್ಮಲ್ಲಿ ಸೋತಿತು ಎನ್ನುವುದಕ್ಕೂ ಮನಸ್ಸು ಬರುವುದಿಲ್ಲ. ಅದು ಬಾಗಿಲನ್ನೇ ತೆರೆದಿರಲಿಲ್ಲ. ಈಗ ಅದರ ಒಂದು ತುಣುಕು ಉಳಿದಿರುವುದು ಪಾರ್ಸಿಗಳ ವಿವಾಹ ನ್ಯಾಯಾಲಯದಲ್ಲಿ. ವಿಚ್ಛೇದನದ ಮೊಕದ್ದಮೆಗಳಲ್ಲಿ ಅವರ ಸಮುದಾಯದ ಐವರು ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂತು ಸಂಗತಿ ಏನು ಎಂದು ತೀರ್ಮಾನಿಸುತ್ತಾರೆ.

ಜಪಾನಿನವರೂ ನಮ್ಮಂತೆಯೇ ಒಮ್ಮೆ ಕೈಸುಟ್ಟುಕೊಂಡವರು. 1928ರಲ್ಲಿ ಶುರುಮಾಡಿದ ಜ್ಯೂರಿಯನ್ನು ಯುದ್ಧದ ನಡುವೆ 1943ರಲ್ಲಿ ತಡೆಹಿಡಿದರು. ಅರುವತ್ತಾರು ವರ್ಷ ಬಿಟ್ಟು, 2009ರ ಮೇ ತಿಂಗಳಲ್ಲಿ ಹೊಸ ರೂಪದಲ್ಲಿ ತಂದರು: ಮತದಾರರಲ್ಲಿ ಚೀಟಿ ಎತ್ತಿ ಆರು ಜನ, ಜೊತೆಗೆ ಮೂವರು ನ್ಯಾಯಾಧೀಶರು, ಒಂದೇ ಮೇಜಿನ ಸುತ್ತ. ಜನಕ್ಕೆ ಇಷ್ಟವೇ ಇರಲಿಲ್ಲ. ಆದರೆ ಕೆಲಸ ಮುಗಿಸಿ ಹೋಗುವಾಗ ಸುಪ್ರೀಂ ಕೋರ್ಟಿನವರು ಕೇಳಿದ ಸಮೀಕ್ಷೆಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಮಂದಿ ಒಳ್ಳೆಯ ಅನುಭವ ಎಂದಿದ್ದಾರೆ. ವರ್ಷ ವರ್ಷವೂ ಅದೇ ಉತ್ತರ.

ನಮ್ಮೂರಲ್ಲಿ ಪಂಚಾಯ್ತಿ ಕಟ್ಟೆ ಇತ್ತಲ್ಲ, ಜ್ಯೂರಿ ಯಾಕೆ ಬೇಕು ಎಂದು ಕೆಲವರು ಕೇಳಬಹುದು. ಕಟ್ಟೆಯ ಮೇಲೆ ಇವತ್ತೂ ಅವರೇ, ನಾಳೆಯೂ ಅವರೇ. ಕೆಳಗೆ ಕೈಕಟ್ಟಿ ನಿಲ್ಲುವವರೂ ಯಾವಾಗಲೂ ಅದೇ ಜನ. ಜ್ಯೂರಿಯಲ್ಲಿ ಇವತ್ತು ಕೂತವನು ನಾಳೆ ತನ್ನ ಕೆಲಸಕ್ಕೆ ಹೋಗುತ್ತಾನೆ, ಆ ಜಾಗಕ್ಕೆ ಇನ್ಯಾರೋ ಬರುತ್ತಾರೆ. ಎರಡಕ್ಕೂ ಹೋಲಿಕೆಯೇ ಸಲ್ಲ.

ಕೊಲೆ ಖಟ್ಲೆಗೆ ಜ್ಯೂರಿ ವಾಪಸು ತನ್ನಿ ಎಂದು ನಾನು ಹೇಳುತ್ತಿಲ್ಲ. ಬಾಕಿ ಬಿದ್ದಿರುವ ಮೊಕದ್ದಮೆಗಳ ರಾಶಿ ನೋಡಿದರೆ ಆ ಮಾತೆತ್ತಲು ನಾಚಿಕೆಯಾಗುತ್ತದೆ. ಆದರೆ ಜನ ಕೂತು ತೀರ್ಮಾನಿಸುವ ಜಾಗಗಳು ನಮ್ಮ ಕಾನೂನಿನಲ್ಲಿ ಇಲ್ಲವೆಂದಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. ಉದ್ಯೋಗ ಖಾತರಿ ಕೆಲಸಗಳ ಸಾಮಾಜಿಕ ಪರಿಶೋಧನೆ ಇದೆ. ಗ್ರಾಮಸಭೆ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತು. ಶಾಮಿಯಾನ, ಮೈಕು, ಮುಂದಿನ ಸಾಲಿನಲ್ಲಿ ಕೂರುವವರು ಮುಂದಿನ ಸಾಲಿನಲ್ಲಿ, ಹಿಂದೆ ನಿಲ್ಲುವವರು ಹಿಂದೆ. ಫಲಾನುಭವಿಗಳ ಪಟ್ಟಿ ಓದುತ್ತಾರೆ, ಪಟ್ಟಿ ಯಾರ ಮನೆಯಲ್ಲಿ ತಯಾರಾಯಿತು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಕೋರಂ ಸಾಲದಿದ್ದರೆ ಹಾಜರಿ ಪುಸ್ತಕ ಮನೆ ಮನೆಗೆ ತಿರುಗಿ ಬರುತ್ತದೆ. ಸಹಿ ಇದೆ, ಮಾತಿಲ್ಲ. ಒಲಿಂಪಿಯಾದ ಬದಲಿ ಸದಸ್ಯರು ಕೇಳಿಸಿಕೊಂಡಷ್ಟನ್ನೂ ನಮ್ಮ ಗ್ರಾಮಸಭೆಯವರಿಗೆ ಕೇಳಿಸುವುದಿಲ್ಲ.

ಇಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ನೋಡಬಹುದು ಎಂದು ನನ್ನ ಅನಿಸಿಕೆ. ಮನೆ ಹಂಚಿಕೆಯ ಒಂದು ಪಟ್ಟಿ, ಒಂದು ಕೆರೆ ಕಾಮಗಾರಿಯ ಲೆಕ್ಕ, ಇಷ್ಟನ್ನೇ ತೆಗೆದುಕೊಳ್ಳಿ. ಅದನ್ನು ನೋಡಲು ಸಮಿತಿಗೆ ನಾಮನಿರ್ದೇಶನ ಬೇಡ, ಆಸಕ್ತರು ಬನ್ನಿ ಎಂಬ ಡಂಗುರವೂ ಬೇಡ. ಆಸಕ್ತರು ಯಾರೆಂದು ಊರಿಗೆ ಗೊತ್ತು. ಮತದಾರರ ಪಟ್ಟಿಯಿಂದ ಎಲ್ಲರೆದುರು ಹನ್ನೆರಡು ಚೀಟಿ ಎತ್ತಿ, ಒಂದು ದಿನ ಶಾಲೆಯ ಕೋಣೆಯಲ್ಲಿ ಕೂರಿಸಿ, ಕಾಗದಪತ್ರ ಮುಂದಿಟ್ಟು, ಎಂಜಿನಿಯರನ್ನೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯನ್ನೂ ಪ್ರಶ್ನೆ ಕೇಳಲು ಬಿಟ್ಟು, ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಒಪ್ಪುವ ಒಂದು ಮಾತಿಗೆ ಬನ್ನಿ ಎನ್ನಬೇಕು. ಅವರು ಹೇಳಿದ್ದನ್ನು ನಡೆಸಬೇಕು. ನಡೆಸದಿದ್ದರೆ ಅದು ಹಳೆಯ ಅಸೆಸರನ ಕಥೆಯೇ.

ಇದಕ್ಕೆ ಬರುವ ಮೊದಲ ಅಡ್ಡಿ ಜಾತಿಯಲ್ಲ, ಅಕ್ಷರವೂ ಅಲ್ಲ, ದುಡ್ಡು. ಅಮೆರಿಕದ ಫೆಡರಲ್ ಕೋರ್ಟುಗಳು ಜ್ಯೂರಿ ಸದಸ್ಯರಿಗೆ ದಿನಕ್ಕೆ 50 ಡಾಲರ್ ಕೊಡುತ್ತವೆ. ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ ಮೊದಲ ದಿನ ಏನೂ ಇಲ್ಲ, ಎರಡನೆಯ ದಿನದಿಂದ 15 ಡಾಲರ್ ಎಂಬ ನಿಯಮ ಬಹಳ ವರ್ಷಗಳಿಂದ ಇದೆ. ಸಂಬಳ ಕಡಿತವಾಗದ ನೌಕರಿಯವರು ಬಂದು ಕೂರುತ್ತಾರೆ. ದಿನಗೂಲಿಯವರು ಕಷ್ಟ ಹೇಳಿಕೊಂಡು ವಿನಾಯಿತಿ ಪಡೆಯುತ್ತಾರೆ. ಯಾರಲ್ಲಿ ಬದಲಾವಣೆ ಹೆಚ್ಚು ಕಂಡಿತೋ ಅವರಲ್ಲೇ ಒಂದಷ್ಟು ಜನ ಹೀಗೆ ಬಾಗಿಲಲ್ಲೇ ಉಳಿದುಬಿಡುತ್ತಾರೆ. ನಮ್ಮಲ್ಲಿ ಚೀಟಿಯಲ್ಲಿ ಹೆಸರು ಬಂದದ್ದು ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸಿನದಾದರೆ, ಆ ದಿನದ ಪೂರ್ತಿ ಕೂಲಿಯನ್ನು ಸಂಜೆ ಕೋಣೆಯಿಂದ ಹೊರಬರುವಾಗಲೇ ಅವಳ ಕೈಗೆ ಎಣಿಸಿ ಕೊಡಬೇಕು. ಮೂರು ತಿಂಗಳ ಮೇಲೆ ಖಾತೆಗೆ ಹಾಕುತ್ತೇವೆ ಎಂದರೆ ಎರಡನೆಯ ಸಲ ಚೀಟಿ ಎತ್ತುವ ಶ್ರಮವನ್ನೇ ತೆಗೆದುಕೊಳ್ಳಬೇಕಾಗಿಲ್ಲ.